ಮೊದಲ ಆಲ್ಬಂಗೆ ಮುಂಚೆ ಒಂದು ತಿರುಗಾಟ

(ಕಾಸರಗೋಡಿನ ಹತ್ತಿರದ ಒಂದು ಗ್ರಂಥಾಲಯದ ಸಭಾಂಗಣದಲ್ಲಿ ಆಡಿದ ಮಾತುಗಳ ಬರಹ ರೂಪ. ಅವತ್ತು ಸಮಯ ಸಾಲದೆ ಹಾರಿಸಿದ್ದನ್ನು ಇಲ್ಲಿ ಸೇರಿಸಿದ್ದೇನೆ, ಸುಮ್ನೆ ಎಳೆದಿದ್ದನ್ನು ಕತ್ತರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ತಾಳಮದ್ದಳೆ ನಡೆಯುವ ಈ ಸಭಾಂಗಣದಲ್ಲಿ ಹಾರ್ಡ್ ರಾಕ್ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಅದಕ್ಕೇ ಮೊದಲು ಒಂದು ಥ್ಯಾಂಕ್ಸ್. ಹಿಂದಿನ ಸಾಲಿನಲ್ಲಿ ಕಪ್ಪು ಟೀ ಶರ್ಟ್ ಹಾಕಿಕೊಂಡು ಗೋಡೆಗೆ ಒರಗಿ ನಿಂತಿದ್ದಾರಲ್ಲ, ಮೂವರು ಹುಡುಗರು, ಒಬ್ಬಳು ಹುಡುಗಿ, ಇವತ್ತಿನ ಮಾತಿಗೆ ಅವರೇ ಕಾರಣ. ಬದಿಯಡ್ಕ ಕಡೆಯ ಮಕ್ಕಳು. ಬ್ಯಾಂಡ್ ಕಟ್ಟಿದ್ದಾರೆ, ಸ್ವಂತ ಹಾಡುಗಳು ಉಂಟು, ಈಗ ಮೊದಲ ಆಲ್ಬಂ ಮಾಡಲು ಹೊರಟಿದ್ದಾರೆ. ಬ್ಯಾಂಡಿನ ಹೆಸರು ಈಗಲೇ ಹೇಳಬೇಡಿ ಅಂದಿದ್ದಾರೆ. ಆಯ್ತು, ಹೇಳುವುದಿಲ್ಲ.

ಅವರು ನನ್ನ ಹತ್ತಿರ ಕೇಳಿದ್ದು ಯಾವ ಸ್ಟುಡಿಯೋ ಒಳ್ಳೇದು, ಎಷ್ಟು ಖರ್ಚಾಗುತ್ತದೆ, ಡ್ರಮ್ಮಿಗೆ ಎಷ್ಟು ಮೈಕ್ ಬೇಕು ಅಂತ. ನಾನು ತಿರುಗಿ ಕೇಳಿದ್ದು ಒಂದೇ: ಜನರ ಎದುರು ಎಷ್ಟು ಸಲ ನುಡಿಸಿದ್ದೀರಿ? ಮೂರು ಸಲ ಅಂದರು. ಅದರಲ್ಲೊಂದು ಕಾಲೇಜ್ ಡೇ, ಎರಡನೇ ಹಾಡಿನ ಮಧ್ಯದಲ್ಲಿ ಕರೆಂಟ್ ಹೋಯಿತಂತೆ. ನನ್ನ ಇವತ್ತಿನ ಮಾತೆಲ್ಲ ಆ ಮೂರರ ಬಗ್ಗೆಯೇ.

ಹಾರ್ಡ್ ರಾಕ್ ಅಂದರೆ ಎಂತ ಅಂತ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಗಿಟಾರಿನ ಆಂಪ್ಲಿಫೈಯರಿಗೆ ಅದು ತಡೆಯುವುದಕ್ಕಿಂತ ಜಾಸ್ತಿ ಸಿಗ್ನಲ್ ಕೊಟ್ಟರೆ ಅಲೆಯ ತುದಿ ಕತ್ತರಿಸಿ ಹೋಗುತ್ತದೆ. ಆಗ ಮೂಲ ಸ್ವರದ ಜೊತೆಗೆ ಮೇಲಿನ ಹಲವು ಸ್ವರಗಳು ಹುಟ್ಟಿಕೊಳ್ಳುತ್ತವೆ, ಸದ್ದು ಒರಟಾಗುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ. ಇದೇ ಡಿಸ್ಟಾರ್ಷನ್. ಇದರಲ್ಲಿ ಮೂರು ನಾಲ್ಕು ಸ್ವರಗಳ ಕಾರ್ಡ್ ನುಡಿಸಿದರೆ ಎಲ್ಲ ಕಲಸಿಹೋಗುತ್ತದೆ. ಅದಕ್ಕೇ ಷಡ್ಜ, ಪಂಚಮ ಎರಡನ್ನೇ ಹಿಡಿಯುತ್ತಾರೆ. ಪವರ್ ಕಾರ್ಡ್ ಅನ್ನುವುದು ಅದನ್ನೇ. ಶ್ರುತಿಪೆಟ್ಟಿಗೆಯಲ್ಲಿ ದಿನಾ ಕೇಳುವ ಸ-ಪ ಮಾರಾಯ್ರೆ, ಹೊಸದೇನಲ್ಲ. ಜೋರು ಮಾತ್ರ ಜಾಸ್ತಿ.

ಈಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಬರೋಣ. ಅಲ್ಲಿ ಆಸ್ಟನ್ ಅಂತ ಕಾರ್ಖಾನೆ ಕೆಲಸಗಾರರ ಪ್ರದೇಶ. ಟೋನಿ ಅಯೋಮಿ ಅನ್ನುವ ಹುಡುಗ ತಗಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. ವಯಸ್ಸು 17. ಕೆಲಸ ಬಿಡುವ ದಿನವೇ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ನಡುಬೆರಳು, ಉಂಗುರ ಬೆರಳು ಎರಡರ ತುದಿಯೂ ಹೋಯಿತು. ಅವನು ಎಡಚ, ಹಾಗಾಗಿ ತಂತಿ ಒತ್ತಬೇಕಾದ ಕೈ ಅದೇ. ಗಿಟಾರ್ ಮುಗಿಯಿತು ಅಂತ ಕೂತಿದ್ದವನಿಗೆ ಕಾರ್ಖಾನೆಯ ಮ್ಯಾನೇಜರ್ ಒಂದು ರೆಕಾರ್ಡ್ ತಂದು ಕೇಳಿಸಿದರು. ಜಾಂಗೋ ರೈನ್‌ಹಾರ್ಟ್ ನುಡಿಸಿದ್ದು. ಬೆಂಕಿಯಲ್ಲಿ ಕೈ ಸುಟ್ಟು ಎರಡೇ ಬೆರಳಲ್ಲಿ ಗಿಟಾರ್ ನುಡಿಸಿದ ಮಹಾರಾಯ ಆತ. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತಂತಿ ಜಾರಬಾರದು ಅಂತ ಅದರ ಮೇಲೆ ಚರ್ಮ ಅಂಟಿಸಿದ. ದಪ್ಪ ತಂತಿ ಒತ್ತಲು ಆಗುತ್ತಿರಲಿಲ್ಲ, ಬ್ಯಾಂಜೋದ ತೆಳು ತಂತಿ ಹಾಕಿದ. ಆ ಬೆರಳುಗಳಿಗೆ ಸುಲಭವಾಗಿದ್ದು ಎರಡು ಸ್ವರದ ಪವರ್ ಕಾರ್ಡ್. ಹೆವಿ ಮೆಟಲ್ ಅಂತ ಮುಂದೆ ಹೆಸರಾದ ಸದ್ದಿನ ಒಂದು ಕಾಲು ಆ ಕಾರ್ಖಾನೆಯಲ್ಲಿದೆ.

ಅವನು, ಬಿಲ್ ವಾರ್ಡ್, ಗೀಜರ್ ಬಟ್ಲರ್, ಆಮೇಲೆ 2025ರ ಜುಲೈ 22ರಂದು ತೀರಿಕೊಂಡ ಓಝಿ ಆಸ್ಬರ್ನ್, ಈ ನಾಲ್ವರ ಬ್ಯಾಂಡೇ ಬ್ಲ್ಯಾಕ್ ಸಬಾತ್. ಇವರ ಮೊದಲ ಆಲ್ಬಂ ರೆಕಾರ್ಡ್ ಆಗಿದ್ದು 1969ರ ಅಕ್ಟೋಬರ್ 16ರಂದು, ಲಂಡನ್ನಿನಲ್ಲಿ. ಒಂದೇ ದಿನ! ಮಳೆ, ಗುಡುಗು, ಗಂಟೆಯ ಸದ್ದು ಆಮೇಲೆ ನಿರ್ಮಾಪಕರು ಸೇರಿಸಿದ್ದು. ಬಾಕಿ ಎಲ್ಲ ಒಂದು ದಿನದ ಕೆಲಸ. 1970ರ ಫೆಬ್ರವರಿ 13, ಶುಕ್ರವಾರ ಬಿಡುಗಡೆಯಾಯಿತು. ವಿಮರ್ಶಕರು ಹಿಗ್ಗಾಮುಗ್ಗಾ ಬೈದರು. ಜನ ಕೊಂಡುಕೊಂಡರು, ಬ್ರಿಟನ್ನಿನ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಹೋಯಿತು.

ಆ ಆಲ್ಬಮ್ಮಿನ ಮೊದಲ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ಪುಟ್ಟ ತುಣುಕು, ಅದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಇಲ್ಲಿ ಸಂಗೀತ ಕಲಿತವರು ತುಂಬಾ ಜನ ಇದ್ದೀರಿ, ನಿಮಗೆ ಒಂದು ಸಲಕ್ಕೇ ಗೊತ್ತಾಗುತ್ತದೆ. ಮೊದಲು ಸ. ಮತ್ತೆ ಮೇಲಿನ ಸ. ಆಮೇಲೆ ಕೆಳಗಿಳಿದು ಪ್ರತಿಮಧ್ಯಮ, ಅದರ ಮೇಲೆ ಸ್ವಲ್ಪ ಹೊತ್ತು ನಡುಕ. ಅಷ್ಟೇ, ಮೂರು ಸ್ವರ. ಯುರೋಪಿನಲ್ಲಿ ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ಇರುವ ಈ ಅಂತರಕ್ಕೆ ದೆವ್ವದ ಹೆಸರೇ ಅಂಟಿತ್ತು, ಕೇಳಿದರೆ ಅವರಿಗೆ ಭಯ. ನಮಗೆ ಅದೇ ಪ್ರತಿಮಧ್ಯಮ ಕಲ್ಯಾಣಿಯಲ್ಲಿ ಬರುತ್ತದೆ, ಮದುವೆ ಮನೆಯಲ್ಲಿ ನಾಗಸ್ವರದವರು ನುಡಿಸುತ್ತಾರೆ. ಹಾಗಾದರೆ ಇಲ್ಲಿ ಯಾಕೆ ಮೈ ಜುಂ ಅನ್ನುತ್ತದೆ? ಪಂಚಮದಲ್ಲಿ ನಿಲ್ಲುವುದೇ ಇಲ್ಲ, ಅದಕ್ಕೆ. ಪ್ರತಿಮಧ್ಯಮದಿಂದ ಒಂದು ಮೆಟ್ಟಿಲು ಹತ್ತಿ ನಿಂತರೆ ನೆಮ್ಮದಿ ಸಿಗುತ್ತಿತ್ತು, ಅವರು ನಿಲ್ಲುವುದಿಲ್ಲ. ನಿಧಾನಕ್ಕೆ ಮತ್ತೆ ಮೊದಲಿಗೇ ಬರುತ್ತಾರೆ. ಇಷ್ಟು ನಿಧಾನವಾಗಿ, ನಾಲ್ಕೂ ಜನ ಒಟ್ಟಿಗೆ, ಯಾರೂ ಮುಂದೆ ಓಡದೆ ನುಡಿಸುವುದು ಉಂಟಲ್ಲ, ಅದು ವೇಗವಾಗಿ ನುಡಿಸುವುದಕ್ಕಿಂತ ಕಷ್ಟ. ಹೊಸ ಬ್ಯಾಂಡುಗಳು ಎಡವುವುದು ಹೆಚ್ಚಾಗಿ ಇಲ್ಲೇ.

ಒಂದು ದಿನದಲ್ಲಿ ಹೇಗೆ ಸಾಧ್ಯವಾಯಿತು? ಪ್ರತಿಭೆ ಅಂತ ಸುಮ್ಮನಾಗಬೇಡಿ. ಅವರು ಜರ್ಮನಿಯ ಹ್ಯಾಂಬರ್ಗಿಗೆ ಹೋಗಿ ಸ್ಟಾರ್ ಕ್ಲಬ್ಬಿನಲ್ಲಿ ದಿನಕ್ಕೆ ಹಲವು ಸಲ ನುಡಿಸಿದ್ದರು. ಕೇಳುವವರು ಇದ್ದರೂ ಇಲ್ಲದಿದ್ದರೂ ನುಡಿಸಲೇಬೇಕು. ಹಾಡು ಸಾಲದಿದ್ದರೆ ಇದ್ದ ಹಾಡನ್ನೇ ಎಳೆಯಬೇಕು. ಹಾಗೆ ಎಳೆಯುವಾಗಲೇ ಯಾವ ಭಾಗ ಗಟ್ಟಿ, ಯಾವುದು ಜೊಳ್ಳು ಅಂತ ಗೊತ್ತಾಗುವುದು. ಸ್ಟುಡಿಯೋಗೆ ಬಂದಾಗ ಅವರು ರಾತ್ರಿ ನುಡಿಸುವುದನ್ನು ಹಗಲು ನುಡಿಸಿ ಹೋದರು ಅಷ್ಟೇ.

ನಮಗೆ ಇದು ಅರ್ಥವಾಗಲು ಹ್ಯಾಂಬರ್ಗಿಗೆ ಹೋಗಬೇಕಾಗಿಲ್ಲ. ಯಕ್ಷಗಾನದ ಮೇಳ ದೀಪಾವಳಿಯ ಆಚೀಚೆ ಹೊರಟರೆ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ದಿನಾ ಒಂದೊಂದು ಊರು. ನವೆಂಬರಿನಲ್ಲಿ ಮೇಳಕ್ಕೆ ಹೊಸದಾಗಿ ಸೇರಿದ ಚೆಂಡೆಯ ಹುಡುಗನನ್ನು ಕೇಳಿ, ಮತ್ತೆ ಮೇ ತಿಂಗಳಲ್ಲಿ ಅವನನ್ನೇ ಕೇಳಿ. ಭಾಗವತರು ಉಸಿರು ತೆಗೆಯುವಾಗಲೇ ಅವನ ಕೋಲು ಎದ್ದಿರುತ್ತದೆ. ಯಾರೂ ಹೇಳಿಕೊಟ್ಟಿದ್ದಲ್ಲ ಅದು, ತಿರುಗಾಟ ಕೊಟ್ಟಿದ್ದು. ರಾಕ್ ಬ್ಯಾಂಡಿಗೂ ಒಂದು ತಿರುಗಾಟ ಆಗದೆ ಆಲ್ಬಂ ಮಾಡಬಾರದು ಅನ್ನುವುದು ನನ್ನ ವಾದ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ಲೆಡ್ ಝೆಪ್ಪೆಲಿನ್ ಬ್ಯಾಂಡ್ ಕೂಡ ಹಾಗೇ. 1968ರ ಸೆಪ್ಟೆಂಬರಿನಲ್ಲಿ ಸ್ಕ್ಯಾಂಡಿನೇವಿಯಾದಲ್ಲಿ ಸುತ್ತಿ ಬಂದು ಮೊದಲ ಆಲ್ಬಂ ಮಾಡಲು ನೇರ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋಗೆ ಹೋದರು. ಸ್ಟುಡಿಯೋದಲ್ಲಿ ಕಳೆದಿದ್ದು ಒಟ್ಟು 36 ಗಂಟೆ. ಖರ್ಚು ಗಿಟಾರಿಸ್ಟ್ ಜಿಮ್ಮಿ ಪೇಜ್ ಕಿಸೆಯದ್ದು. ಇಲ್ಲಿ ಒಂದು ವಿಷಯ ಮುಚ್ಚಿಡಬಾರದು: ಪೇಜ್, ಬಾಸ್ ನುಡಿಸುವ ಜಾನ್ ಪಾಲ್ ಜೋನ್ಸ್ ಇಬ್ಬರೂ ಆಗಲೇ ಸ್ಟುಡಿಯೋದಲ್ಲಿ ಬೇರೆಯವರ ಹಾಡಿಗೆ ನುಡಿಸಿ ಪಳಗಿದವರು. ನಮ್ಮ ಮಕ್ಕಳು ಹಾಗಲ್ಲ. 36 ಗಂಟೆಯ ಲೆಕ್ಕ ಇಟ್ಟುಕೊಂಡು ಸ್ಟುಡಿಯೋ ಬುಕ್ ಮಾಡಬೇಡಿ.

ನನಗೆ ಇನ್ನೂ ಇಷ್ಟ ವ್ಯಾನ್ ಹೇಲನ್ ಕತೆ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಯಾರ್ಯಾರದೋ ಮನೆಯ ಹಿತ್ತಿಲ ಪಾರ್ಟಿಗಳಲ್ಲಿ ವರ್ಷಗಟ್ಟಲೆ ನುಡಿಸಿದ ಬ್ಯಾಂಡ್. 1978ರ ಫೆಬ್ರವರಿಯಲ್ಲಿ ಮೊದಲ ಆಲ್ಬಂ ಬಂತು. ಅದರಲ್ಲಿ ಎರಪ್ಷನ್ ಅಂತ ಬರೀ ಗಿಟಾರಿನ ಒಂದು ತುಣುಕು ಇದೆ, 1 ನಿಮಿಷ 42 ಸೆಕೆಂಡ್. ಎರಡು ಕೈಯಿಂದಲೂ ತಂತಿ ಬಡಿದು ನುಡಿಸುವ ಆ ಕ್ರಮ ಕೇಳಿ ಪ್ರಪಂಚದ ಗಿಟಾರಿಸ್ಟುಗಳೆಲ್ಲ ದಂಗಾದರು. ಅದನ್ನು ಆಲ್ಬಂಗೆ ಅಂತ ಮಾಡಿದ್ದೇ ಅಲ್ಲ. ಎಡ್ಡಿ ವ್ಯಾನ್ ಹೇಲನ್ ಮುಂದಿನ ಕಾರ್ಯಕ್ರಮಕ್ಕೆ ಕೈ ಪಳಗಿಸಿಕೊಳ್ಳುತ್ತಾ ಕೂತಿದ್ದ, ಕೇಳಿದವರು ಟೇಪ್ ಓಡಿಸಿಬಿಟ್ಟರು. ಅದರಲ್ಲೊಂದು ಕಡೆ ತಪ್ಪಾಗಿದೆ ಅಂತ ಎಡ್ಡಿ ಕೊನೆಯವರೆಗೂ ಹೇಳುತ್ತಿದ್ದ. ಇವತ್ತಾಗಿದ್ದರೆ ಕಂಪ್ಯೂಟರಿನಲ್ಲಿ ಆ ಜಾಗವನ್ನು ತಿದ್ದಿಬಿಡುತ್ತಿದ್ದೆವು, ಅಲ್ವಾ?

ಈಗ ನಮ್ಮ ಮಕ್ಕಳು ಕೇಳುತ್ತಾರೆ, ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ಮಾಡಬಹುದಲ್ಲ, ಇಷ್ಟೆಲ್ಲ ತಿರುಗಾಟ ಯಾಕೆ ಅಂತ. ನನ್ನ ವಾದಕ್ಕೆ ಎದುರು ನಿಲ್ಲುವ ಆಲ್ಬಂ ಒಂದುಂಟು, ನಾನೇ ಹೇಳುತ್ತೇನೆ. 1976ರಲ್ಲಿ ಬಂದ ಬಾಸ್ಟನ್ ಬ್ಯಾಂಡಿನ ಮೊದಲ ಆಲ್ಬಂ. ಟಾಮ್ ಶೋಲ್ಜ್ ಅನ್ನುವವನು ಎಂಐಟಿಯಲ್ಲಿ ಓದಿದ ಎಂಜಿನಿಯರ್, ಪೋಲರಾಯ್ಡ್ ಕಂಪನಿಯಲ್ಲಿ ಕೆಲಸ. ಕೆಲಸ ಮುಗಿಸಿ ಬಂದು ಮನೆಯ ನೆಲಮಾಳಿಗೆಯಲ್ಲಿ ಕೂತು ಗಿಟಾರ್, ಬಾಸ್, ಕೀಬೋರ್ಡ್ ಎಲ್ಲ ತಾನೇ ನುಡಿಸಿ ವರ್ಷಗಟ್ಟಲೆ ರೆಕಾರ್ಡ್ ಮಾಡಿದ. ರೆಕಾರ್ಡ್ ಕಂಪನಿಯವರು ಇದು ನಡೆಯುವುದಿಲ್ಲ, ಲಾಸ್ ಏಂಜಲೀಸಿನ ದೊಡ್ಡ ಸ್ಟುಡಿಯೋದಲ್ಲಿ ಮತ್ತೆ ಮಾಡಿ ಅಂದರು. ಉಳಿದವರನ್ನು ಅಲ್ಲಿಗೆ ಕಳಿಸಿ, ಇವನು ಮನೆಯಲ್ಲೇ ಕೂತು ಕೆಲಸ ಮುಗಿಸಿದ. ಅಮೆರಿಕದಲ್ಲೇ 1 ಕೋಟಿ 70 ಲಕ್ಷ ಪ್ರತಿ ಹೋಯಿತು. ಆದರೆ ನೋಡಿ, ಅವನು ಜನರ ಎದುರು ಕಳೆಯದ ಕಾಲವನ್ನು ನೆಲಮಾಳಿಗೆಯಲ್ಲಿ ಕಳೆದ. ಒಂದೊಂದು ಹಾಡನ್ನು ಎಷ್ಟು ಸಲ ಕೆಡವಿ ಕಟ್ಟಿದನೋ ಏನೋ. ವೇದಿಕೆ ತಪ್ಪಿಸಬಹುದು, ಆ ಕಾಲವನ್ನು ತಪ್ಪಿಸಲು ಆಗುವುದಿಲ್ಲ. ಎರಡು ತಿಂಗಳಲ್ಲಿ ಮನೆಯಲ್ಲೇ ಮುಗಿಸುತ್ತೇವೆ ಅನ್ನುವವರಿಗೆ ಬಾಸ್ಟನ್ ಉದಾಹರಣೆ ಆಗುವುದಿಲ್ಲ.

ನಮ್ಮ ಬ್ಯಾಂಡು ಅಭ್ಯಾಸ ಮಾಡುವುದು ಡ್ರಮ್ಮರ್ ಮನೆಯ ಅಡಿಕೆ ಕೋಣೆಯಲ್ಲಿ. ನಾನು ಹೋಗಿ ಕೇಳಿದಾಗ ಸದ್ದು ಚೆನ್ನಾಗಿತ್ತು, ಕಿಕ್ ಡ್ರಮ್ ಗಟ್ಟಿಯಾಗಿ ಎದೆಗೆ ಬಡಿಯುತ್ತಿತ್ತು, ಸಿಂಬಲ್ ಕಿವಿಗೆ ಚುಚ್ಚುತ್ತಿರಲಿಲ್ಲ. ಮತ್ತೊಮ್ಮೆ ಹೋದಾಗ ಅದೇ ಕೋಣೆ, ಅದೇ ಡ್ರಮ್, ಎಲ್ಲ ಬೊಬ್ಬೆ. ಸ್ನೇರ್ ಅನ್ನುವ ಚಿಕ್ಕ ಡ್ರಮ್ಮಿಗೆ ಒಂದು ಹೊಡೆದರೆ ಗೋಡೆಯಿಂದ ಎರಡು ವಾಪಸ್ ಬರುತ್ತಿತ್ತು. ಎಂತ ಆಯಿತು ಅಂತ ನೋಡಿದರೆ, ಮಧ್ಯದಲ್ಲಿ ಅಡಿಕೆ ಮಾರಿಯಾಗಿತ್ತು. ಗೋಡೆ ಉದ್ದಕ್ಕೂ ಪೇರಿಸಿಟ್ಟ ಗೋಣಿಗಳು ಸದ್ದನ್ನು ಹೀರುತ್ತಿದ್ದವು, ಖಾಲಿ ಗೋಡೆ ಹೀರುವುದಿಲ್ಲ. ಸ್ಟುಡಿಯೋದವರು ಫೋಮ್ ಅಂಟಿಸಿ, ದಪ್ಪ ಪರದೆ ಹಾಕಿ ಮಾಡುವುದೂ ಇದನ್ನೇ. ನನ್ನ ಸಲಹೆ ಕೇಳಿದರೆ, ಡೆಮೋವನ್ನು ಅಡಿಕೆ ಇರುವಾಗಲೇ ರೆಕಾರ್ಡ್ ಮಾಡಿ. ಜೂನ್ ತಿಂಗಳ ಕತೆಯೇ ಬೇಡ, ಹಂಚಿನ ಮೇಲೆ ಬೀಳುವ ಮಳೆ ಪ್ರತಿ ಹಾಡಿನಲ್ಲೂ ಬರುತ್ತದೆ, ತೇವಕ್ಕೆ ಗಿಟಾರಿನ ಕುತ್ತಿಗೆ ಬಾಗಿ ಶ್ರುತಿ ನಿಲ್ಲುವುದಿಲ್ಲ.

ಭಾಷೆಯ ವಿಷಯಕ್ಕೆ ಬರುತ್ತೇನೆ, ಅದನ್ನು ಬಿಟ್ಟರೆ ಇಲ್ಲಿ ಯಾರೂ ಚಹಾಕ್ಕೆ ಏಳುವುದಿಲ್ಲ ಅಂತ ಗೊತ್ತು. ಭಾರತದ ಹಳೆಯ ರಾಕ್ ಬ್ಯಾಂಡುಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಹಾಡಿದವು. ಮುಂಬೈಯ ರಾಕ್ ಮೆಶಿನ್ 1988ರಲ್ಲಿ, ಕೊಚ್ಚಿಯ 13ಎಡಿ 1990ರಲ್ಲಿ ಮೊದಲ ಆಲ್ಬಂ ತಂದವು, ಎರಡೂ ಇಂಗ್ಲಿಷ್. ಬೆಂಗಳೂರಿನ ಕ್ರಿಪ್ಟೋಸ್ ಕೂಡ ಹಾಗೇ, ಮೊದಲ ಆಲ್ಬಂ 2004ರಲ್ಲಿ, ಮುಂದೆ ಜರ್ಮನಿಯ ವಾಕನ್ ಉತ್ಸವದ ವೇದಿಕೆಯವರೆಗೂ ಹೋದರು. 2008ರಲ್ಲಿ ಅವಿಯಲ್ ಅನ್ನುವ ಬ್ಯಾಂಡ್ ಮಲಯಾಳದಲ್ಲಿ ಆಲ್ಬಂ ತಂದಾಗ ಇದು ನಮ್ಮ ಮಾತಿನಲ್ಲೂ ಆಗುತ್ತದೆ ಅಂತ ಕೇರಳದ ಹುಡುಗರಿಗೆ ಧೈರ್ಯ ಬಂತು. ನಮ್ಮ ಈ ಮಕ್ಕಳ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಯಾವುದರಲ್ಲಿ ಹಾಡುವುದು?

ಹಾಡು ಬರೆಯುವಾಗ ಯಾವುದು ತಾನಾಗಿ ಬಂತೋ ಅದರಲ್ಲಿ ಹಾಡಿ. ಇವರಿಗೆ ಬಂದದ್ದು ಕನ್ನಡ. ಹಾರ್ಡ್ ರಾಕಿಗೆ ಕನ್ನಡ ಚೆನ್ನಾಗಿಯೇ ಒಗ್ಗುತ್ತದೆ. ನಮ್ಮ ಪದಗಳು ಹೆಚ್ಚಾಗಿ ಸ್ವರಾಕ್ಷರದಲ್ಲಿ ಮುಗಿಯುತ್ತವೆ, ಹಾಗಾಗಿ ಸಾಲಿನ ಕೊನೆಯಲ್ಲಿ ಬಾಯಿ ತೆರೆದೇ ಇರುತ್ತದೆ, ಎಳೆಯಬಹುದು, ಕಿರುಚಬಹುದು. ಒತ್ತಕ್ಷರಗಳು ಸ್ನೇರ್ ಪೆಟ್ಟಿನ ಮೇಲೆ ಸರಿಯಾಗಿ ಕೂರುತ್ತವೆ. ತೊಂದರೆ ಇರುವುದು ಉದ್ದುದ್ದ ಕ್ರಿಯಾಪದಗಳಲ್ಲಿ. ಅವರ ಒಂದು ಹಾಡಿನಲ್ಲಿ 'ಕಾಯುತ್ತಿದ್ದೇನೆ' ಅನ್ನುವುದನ್ನು ರಿಫ್ಫಿನ ಎರಡು ಎಣಿಕೆಯೊಳಗೆ ತುರುಕಿದ್ದರು, ಹಾಡುವವನಿಗೆ ಉಸಿರು ಸಾಲುತ್ತಿರಲಿಲ್ಲ. 'ಕಾದೆ' ಅಂತ ಮಾಡಿದರು. ಉಳಿದ ಜಾಗದಲ್ಲಿ ಗಿಟಾರ್ ಮಾತಾಡುತ್ತದೆ.

ಮತ್ತೆ ಚೆಂಡೆ. ಕಾಸರಗೋಡಿನ ಬ್ಯಾಂಡ್ ಅಂದ ಮೇಲೆ ಚೆಂಡೆ ಸೇರಿಸಿ, ತೆಯ್ಯದ ಬಣ್ಣ ಹಾಕಿ ಅಂತ ಸಿಕ್ಕಿದವರೆಲ್ಲ ಹೇಳುತ್ತಿದ್ದಾರಂತೆ. ಬೇಡ ಅನ್ನುತ್ತೇನೆ ನಾನು. ದೆಹಲಿಯ ಬ್ಲಡಿವುಡ್ ಬ್ಯಾಂಡಿನಲ್ಲಿ ಢೋಲ್ ಇದೆ, 2022ರಲ್ಲಿ ಬಂದ ಅವರ ರಕ್ಷಕ್ ಆಲ್ಬಮ್ಮಿನಲ್ಲಿ ಅದು ಜೋರಾಗಿಯೇ ಕೇಳುತ್ತದೆ. ಆದರೆ ಅಲ್ಲಿ ಢೋಲ್ ನುಡಿಸುವವನು ಬ್ಯಾಂಡಿನ ಜೊತೆಗೇ ಊರೂರು ತಿರುಗಿದವನು. ನಿಮ್ಮ ಜೊತೆ ಅಭ್ಯಾಸಕ್ಕೆ ದಿನಾ ಬರುವ ಚೆಂಡೆಯವನಿದ್ದರೆ ಸೇರಿಸಿ. ರೆಕಾರ್ಡಿಂಗ್ ದಿನ ಮಾತ್ರ ಯಾರನ್ನೋ ಕರೆಸಿ ನಾಲ್ಕು ಪೆಟ್ಟು ಹೊಡೆಸಿದರೆ ಅದು ಪ್ರವಾಸೋದ್ಯಮ ಇಲಾಖೆಯ ವಿಡಿಯೋ ಆಗುತ್ತದೆ.

ಸಣ್ಣಪುಟ್ಟ ವಿಷಯಗಳು ಕೆಲವುಂಟು. ಆಲ್ಬಂ ಉದ್ದ ಮಾಡಬೇಡಿ. ಹಿಂದೆ ಎಲ್‌ಪಿಯ ಒಂದು ಬದಿಗೆ 20 ನಿಮಿಷದ ಆಸುಪಾಸು ಹಿಡಿಯುತ್ತಿತ್ತು, ಹಾಗಾಗಿ ವ್ಯಾನ್ ಹೇಲನ್ ಆಲ್ಬಂ 35 ನಿಮಿಷ ಚಿಲ್ಲರೆ, ಬಾಸ್ಟನ್ 38ರ ಒಳಗೆ. ಈಗ ಅಂಥ ಮಿತಿ ಇಲ್ಲ, ಅದಕ್ಕೇ ಯಾರಿಗೂ ಬೇಡದ ಎರಡು ಹಾಡು ಕೊನೆಯಲ್ಲಿ ಸೇರಿಕೊಳ್ಳುತ್ತವೆ. ಫೋನಿನಲ್ಲಿ ಹಾಡು ಕೇಳಿಸುವ ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಲೆಕ್ಕಕ್ಕೆ ಬರುವುದು, ಹಾಗಾಗಿ ಹಾಡನ್ನು ತಕ್ಷಣ ಶುರು ಮಾಡಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಬ್ಲ್ಯಾಕ್ ಸಬಾತ್ ಆಲ್ಬಂ ಹಾಕಿ ನೋಡಿ, ಮೊದಲ 30 ಸೆಕೆಂಡ್ ಬರೀ ಮಳೆ ಮತ್ತು ಗಂಟೆ! ಮಿಕ್ಸಿಂಗಿನಲ್ಲಿ ಎಲ್ಲವನ್ನೂ ಕಿತ್ತುಹೋಗುವಷ್ಟು ಜೋರು ಮಾಡಿಸುವುದೂ ದಂಡ, ಸ್ಪಾಟಿಫೈಯಂಥ ಸೇವೆಗಳು ಎಲ್ಲ ಹಾಡುಗಳನ್ನೂ ಹೇಗೂ ಒಂದೇ ಮಟ್ಟಕ್ಕೆ ತಗ್ಗಿಸುತ್ತವೆ.

ಯಾವ ಹಾಡು ಯಾರದು ಅಂತ ಬಿಡುಗಡೆಗೆ ಮುಂಚೆಯೇ ಒಂದು ಕಾಗದದಲ್ಲಿ ಬರೆದು ನಾಲ್ವರೂ ಸಹಿ ಹಾಕಿ. ಈಗ ಗೆಳೆತನ, ದುಡ್ಡು ಬಂದ ಮೇಲೆ ಜಗಳ. ಬ್ಲ್ಯಾಕ್ ಸಬಾತ್ ಆಲ್ಬಂನಲ್ಲಿ ಸ್ವಂತ ಹಾಡುಗಳೆಲ್ಲ ನಾಲ್ವರ ಹೆಸರಿನಲ್ಲಿದ್ದವು. ಲೆಡ್ ಝೆಪ್ಪೆಲಿನ್ ಮೊದಲ ಆಲ್ಬಮ್ಮಿನ ಒಂದು ಹಾಡು ತನ್ನದು ಅಂತ ಜೇಕ್ ಹೋಮ್ಸ್ ಅನ್ನುವ ಗಾಯಕ 2010ರಲ್ಲಿ ಕೋರ್ಟಿಗೆ ಹೋದ. ಆಲ್ಬಂ ಬಂದು 41 ವರ್ಷ ಆಗಿತ್ತು.

ಮತ್ತೆ ಮೊದಲ ವಾರ ಯಾರೂ ಕೇಳಲಿಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕೂರಬೇಡಿ. ಅಮೆರಿಕದ ಬ್ಯಾಂಡ್ ಗನ್ಸ್ ಎನ್ ರೋಸಸ್‌ನ ಮೊದಲ ಆಲ್ಬಂ 1987ರ ಜುಲೈ 21ರಂದು ಬಂತು. ಅಮೆರಿಕದ ಪಟ್ಟಿಯಲ್ಲಿ ಮೊದಲು ಸಿಕ್ಕಿದ್ದು 182ನೇ ಸ್ಥಾನ. ಒಂದನೇ ಸ್ಥಾನಕ್ಕೆ ಬರುವಾಗ 1988ರ ಆಗಸ್ಟ್ ಆಗಿತ್ತು. ಆ ಒಂದು ವರ್ಷ ಅವರು ಎಂತ ಮಾಡುತ್ತಿದ್ದರು ಅಂದರೆ, ತಿರುಗಾಟ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎದುರು ಕೂತಿದ್ದ ಒಬ್ಬ ಹಿರಿಯರು, ನಿವೃತ್ತ ಮೇಷ್ಟ್ರು, "ಎಲ್ಲ ಸರಿ, ಕಿವಿ ಉಳಿಯುತ್ತದಾ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು ಅನ್ನುವುದು ಒಂದು ಒಪ್ಪಿತ ಲೆಕ್ಕ. ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ ಆದರೆ 15 ನಿಮಿಷ ಅಷ್ಟೇ. ಅಡಿಕೆ ಕೋಣೆಯಲ್ಲಿ ಸಿಂಬಲ್ ಪಕ್ಕ ನಿಂತರೆ ಅಷ್ಟಕ್ಕೆ ಏನೂ ಕಡಿಮೆ ಇರುವುದಿಲ್ಲ. ಹಾಗಾಗಿ ನಾಲ್ವರೂ ಇವತ್ತೇ ಇಯರ್ ಪ್ಲಗ್ ತೆಗೆದುಕೊಳ್ಳಿ, ಗಿಟಾರಿನ ಹೊಸ ಪೆಡಲ್ ಆಮೇಲೆ. ಮೇಷ್ಟ್ರಿಗೆ ಅಷ್ಟು ಸಮಾಧಾನ ಆದ ಹಾಗೆ ಕಾಣಲಿಲ್ಲ.

ಬಾಸ್ ನುಡಿಸುವ ಹುಡುಗಿ ಹಿಂದಿನಿಂದಲೇ ಕೇಳಿದಳು: "ಸರ್, ತಿರುಗಾಟ ಅಂತ ಸುಲಭದಲ್ಲಿ ಹೇಳಿದಿರಿ. ಇಲ್ಲಿ ನಮ್ಮನ್ನು ಕರೆಯುವವರು ಯಾರು? ಬೆಂಗಳೂರಿನವರಿಗೆ ನಾವು ಕೇರಳದವರು, ಕೊಚ್ಚಿಯವರಿಗೆ ಕನ್ನಡದವರು." 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಲ್ಲಿಂದ ಇದು ನಮ್ಮೆಲ್ಲರದ್ದೂ ಕತೆ, ರಾಕ್ ಬ್ಯಾಂಡಿನದ್ದು ಮಾತ್ರ ಅಲ್ಲ. ಆದರೆ ಬೆಂಗಳೂರನ್ನೂ ಕೊಚ್ಚಿಯನ್ನೂ ಸದ್ಯ ಮರೆತುಬಿಡಿ ಅಂದೆ. ಈಚೆ ಮಂಗಳೂರು ಉಂಟು, ಆಚೆ ಕಣ್ಣೂರು, ಎರಡೂ ಕಡೆ ಕಾಲೇಜುಗಳಿವೆ, ಕೆಫೆಗಳಿವೆ, ಮದುವೆಯ ಮುಂಚಿನ ದಿನದ ಮೆಹಂದಿಗೂ ಈಗ ಬ್ಯಾಂಡ್ ಕರೆಯುತ್ತಾರೆ. ಅಲ್ಲಿ ನಾಲ್ಕು ಸಿನಿಮಾ ಹಾಡು ನುಡಿಸಿ, ಮಧ್ಯದಲ್ಲಿ ನಿಮ್ಮದೊಂದು ತೂರಿಸಿ. ಯಾರಾದರೂ ಊಟದ ತಟ್ಟೆಯಿಂದ ತಲೆ ಎತ್ತಿದರೆ ಆ ಹಾಡು ಆಲ್ಬಂಗೆ ಆಯಿತು ಅಂತ ಲೆಕ್ಕ.

ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಒಬ್ಬರು ಕೈ ಎತ್ತಿದರು. ಅವರೂರಿನ ಯುವಕ ಮಂಡಲದ ವಾರ್ಷಿಕೋತ್ಸವ ಬರುತ್ತಿದೆಯಂತೆ, ನಾಟಕಕ್ಕೆ ಮುಂಚೆ ಮುಕ್ಕಾಲು ಗಂಟೆ ಖಾಲಿ ಉಂಟಂತೆ. "ಆದರೆ ಹತ್ತು ಗಂಟೆಗೆ ಮೈಕ್ ಆಫ್ ಮಾಡಬೇಕು, ಪೊಲೀಸರು ಬರ್ತಾರೆ. ಹಾಗಾಗಿ ನೀವು ಏಳಕ್ಕೇ ಶುರು ಮಾಡಬೇಕು. ದುಡ್ಡು ಕೇಳಬೇಡಿ, ಊಟ ಉಂಟು."

"ಜನರೇಟರ್ ಉಂಟಾ?" ಅಂತ ಡ್ರಮ್ಮರ್ ಕೇಳಿದ.